ಗೂಬೆ ಡಬ್ಬ: ನಮ್ಮ ಶಾಲೆಯ ಮೊದಲ ಕಂಪ್ಯೂಟರು

ಶಾಲೆಗೆ ಜಾಗ ಕೊಟ್ಟವರು, ಕಲ್ಲು ಹೊತ್ತವರು, ಮೊದಲ ಮುಖ್ಯೋಪಾಧ್ಯಾಯರು, ಇವರೆಲ್ಲರ ಬಗ್ಗೆ ಈ ಸಂಚಿಕೆಯಲ್ಲಿ ಹಿರಿಯರು ಬರೆಯುತ್ತಾರೆ. ನಾನು ಬರೆಯಹೊರಟಿರುವುದು ವಿಜ್ಞಾನ ಪ್ರಯೋಗಾಲಯದ ಬೀರುವಿನಲ್ಲಿ, ಬ್ಯೂರೆಟ್‌ಗಳ ಕೆಳಗಿನ ಖಾನೆಯಲ್ಲಿ ಇರುತ್ತಿದ್ದ ಒಂದು ಕಂಪ್ಯೂಟರಿನ ಇತಿಹಾಸ.

2001ರಿಂದ 2004ರವರೆಗೆ ನನ್ನ ಜೊತೆ ಓದಿದವರಿಗೆ ಅದು ನೆನಪಿರಲೇಬೇಕು. ತೆಳು ಕಂದು ಬಣ್ಣದ ಪೆಟ್ಟಿಗೆ, ಕಪ್ಪು ಕೀಲಿಗಳು, ಮೇಲಿನ ಸಾಲಿನಲ್ಲಿ ಕೆಂಪು ಕೀಲಿಗಳು. ಅದರ ಮೇಲೆ ಚುಕ್ಕೆಗಳಿಂದ ಬಿಡಿಸಿದ ಗೂಬೆಯ ಚಿತ್ರ. ಹಾಗಾಗಿ ನಾವು ಇಟ್ಟ ಹೆಸರು ‘ಗೂಬೆ ಡಬ್ಬ’. ಪಟ್ಟಣದ ಕಾಲೇಜೊಂದು ಹೊಸ ಕಂಪ್ಯೂಟರ್ ತಂದಾಗ ಹಳೆಯದನ್ನು ನಮ್ಮ ಗಣಿತದ ಮೇಷ್ಟ್ರು ಕೇಳಿ ಪಡೆದು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಗೂಬೆ ಮನೆಗೆ ಬಂದರೆ ಅಪಶಕುನ ಎಂದು ಜವಾನರು ಗೊಣಗಿದ್ದೂ ಉಂಟು.

ಆ ಗೂಬೆ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಸಾಮಾನ್ಯ ಜನರಿಗೆ ಟಿವಿ ಮೂಲಕ ಕಂಪ್ಯೂಟರ್ ಕಲಿಸಬೇಕೆಂದು ಬಿಬಿಸಿ ಒಂದು ಸಾಕ್ಷರತಾ ಯೋಜನೆ ಹಾಕಿಕೊಂಡಿತು. ಅದಕ್ಕೆ ತಕ್ಕ ಯಂತ್ರ ಬೇಕಿತ್ತು. ಕೇಂಬ್ರಿಡ್ಜಿನ ಏಕಾರ್ನ್ ಎಂಬ ಪುಟ್ಟ ಕಂಪನಿಯವರು 1981ರಲ್ಲಿ ಒಂದೇ ವಾರದಲ್ಲಿ ಮಾದರಿ ಯಂತ್ರವನ್ನು ಜೋಡಿಸಿ ತೋರಿಸಿ ಗುತ್ತಿಗೆ ಪಡೆದರು. ಅದೇ ವರ್ಷದ ಡಿಸೆಂಬರಿನಲ್ಲಿ ಬಿಬಿಸಿ ಮೈಕ್ರೋ ಮಾರುಕಟ್ಟೆಗೆ ಬಂತು. ಹನ್ನೆರಡು ಸಾವಿರದಷ್ಟು ಮಾರಾಟವಾದರೆ ಹೆಚ್ಚು ಎಂದುಕೊಂಡಿದ್ದರು. ಕೊನೆಗೆ ಹದಿನೈದು ಲಕ್ಷ ಮೀರಿತು. ಮನೆಯ ಟಿವಿಗೇ ಜೋಡಿಸಬಹುದು, ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ ಪ್ರೋಗ್ರಾಮ್ ಇಡಬಹುದು. ‘ಬಿ’ ಮಾದರಿಯ ಮೆಮೊರಿ 32 ಕಿಲೋಬೈಟ್. ಈಗ ಮೊಬೈಲಿನಲ್ಲಿ ಬರುವ ಒಂದು ‘ಶುಭೋದಯ’ ಚಿತ್ರವೂ ಅದರಲ್ಲಿ ಹಿಡಿಸಲಾರದು.

ಭಾರತಕ್ಕೆ ಅದು ಬಂದದ್ದು 1984ರಲ್ಲಿ, ಕೇಂದ್ರ ಸರ್ಕಾರದ ‘ಕ್ಲಾಸ್’ ಯೋಜನೆಯಲ್ಲಿ. ಮೊದಲ ಸುತ್ತಿನಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಬಿಬಿಸಿ ಕಂಪ್ಯೂಟರ್ ಕೊಟ್ಟರು. ಮುಂದೆ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಎಂಬ ಸರ್ಕಾರಿ ಸಂಸ್ಥೆ ಇದನ್ನೇ ‘ಯೂನಿಕಾರ್ನ್’ ಹೆಸರಿನಲ್ಲಿ ಇಲ್ಲೇ ತಯಾರಿಸಿತು. ದುಡ್ಡು ದಂಡವಾಯಿತು, ಕಲಿಸುವವರಿಲ್ಲದೆ ಯಂತ್ರಗಳು ಧೂಳು ತಿಂದವು ಎಂದು ಈ ಯೋಜನೆಯನ್ನು ಬೈಯುವವರಿದ್ದಾರೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹದಿನೈದು ವರ್ಷಕ್ಕೂ ಹಳೆಯದಾದ ಮೇಲೆ, ಯಾವ ಯೋಜನೆಯೂ ಇಲ್ಲದೆ, ಒಬ್ಬ ಮೇಷ್ಟ್ರು ಇದ್ದದ್ದರಿಂದ ಅದು ನಮ್ಮಲ್ಲಿ ಕೆಲಸ ಮಾಡಿತು.

ಸ್ವಿಚ್ ಹಾಕಿದರೆ ಒಂದು ದಪ್ಪ ದನಿ, ಹಿಂದೆಯೇ ಒಂದು ಸಣ್ಣ ದನಿ. ಪರದೆಯಲ್ಲಿ ಎರಡು ಸಾಲು, ಕೆಳಗೆ ಬಾಣದ ತುದಿಯಂಥ ಒಂದು ಗುರುತು, ಮಿಣುಕುವ ಗೆರೆ. ಅಷ್ಟೇ. ಚಿತ್ರವಿಲ್ಲ, ಮೌಸಿಲ್ಲ. ನಾವು ಏನಾದರೂ ಟೈಪ್ ಮಾಡುವವರೆಗೆ ಅದು ಸುಮ್ಮನೆ ಕಾಯುತ್ತದೆ. ನಾನು ಮೊದಲು ಟೈಪ್ ಮಾಡಿದ್ದು ನನ್ನ ಹೆಸರು. ‘ಮಿಸ್ಟೇಕ್’ ಎಂದಿತು. ತರಗತಿಯೆಲ್ಲ ನಕ್ಕಿತು. ನನ್ನ ಹೆಸರೇ ತಪ್ಪಂತೆ!

“ಅದಕ್ಕೆ ಗೊತ್ತಿರೋ ಮಾತು ಬೆರಳೆಣಿಕೆ ಕಣೋ. ನೀನು ಅದರ ಭಾಷೇಲಿ ಕೇಳು” ಎಂದರು ಮೇಷ್ಟ್ರು. ಕೇಳುವುದನ್ನು ಒಂದೊಂದಾಗಿ ಕಲಿತೆವು. ‘ಪ್ರಿಂಟ್’ ಎಂದರೆ ಬರೆಯುತ್ತದೆ. ‘ಲಿಸ್ಟ್’ ಎಂದರೆ ಪ್ರೋಗ್ರಾಮನ್ನು ತೋರಿಸುತ್ತದೆ, ‘ರನ್’ ಎಂದರೆ ನಡೆಸುತ್ತದೆ. ಮುಂದೆ ನಕ್ಷತ್ರ ಚಿಹ್ನೆ ಹಾಕಿದರೆ ಆ ಮಾತು ಬೇಸಿಕ್ ಭಾಷೆಗಲ್ಲ, ನೇರವಾಗಿ ಯಂತ್ರದ ಆಡಳಿತಕ್ಕೆ. ‘ಸ್ಟಾರ್ ಕ್ಯಾಟ್’ ಎಂದು ಹೊಡೆದು ಕ್ಯಾಸೆಟ್ ಓಡಿಸಿದರೆ ಅದರಲ್ಲಿರುವ ಪ್ರೋಗ್ರಾಮುಗಳ ಹೆಸರು ಒಂದೊಂದಾಗಿ ಬರುತ್ತಿತ್ತು.

2002ರ ಅರ್ಧವಾರ್ಷಿಕ ಪರೀಕ್ಷೆಯ ಹೊತ್ತಿಗೆ ಮೇಷ್ಟ್ರು ಎರಡು ಸಂಜೆ ಕೂತು ಒಂಬತ್ತನೇ ತರಗತಿಯ 54 ಮಕ್ಕಳ ಅಂಕಗಳನ್ನು ಟೈಪ್ ಮಾಡಿದ್ದರು. ಅವರು ಚಹಾಕ್ಕೆ ಹೋದಾಗ ನಾನು ನನ್ನದೇ ಪ್ರೋಗ್ರಾಮ್ ಬರೆಯಲು ‘ನ್ಯೂ’ ಎಂದು ಒತ್ತಿದೆ. ಆಮೇಲೆ ಅನುಮಾನ ಬಂದು ‘ಲಿಸ್ಟ್’ ಕೊಟ್ಟರೆ ಪರದೆ ಖಾಲಿ. ಕೈಕಾಲು ತಣ್ಣಗಾದವು. ಮೇಷ್ಟ್ರು ಬಂದರು, ಪರದೆ ನೋಡಿದರು, ನನ್ನ ಮುಖ ನೋಡಿದರು.

“ಆಮೇಲೆ ಏನಾದ್ರೂ ಸಾಲು ಟೈಪ್ ಮಾಡಿದ್ಯಾ?”

“ಇಲ್ಲ ಸರ್.”

‘ಓಲ್ಡ್’ ಎಂದು ಮೂರೇ ಅಕ್ಷರ ಒತ್ತಿದರು. ಮತ್ತೆ ‘ಲಿಸ್ಟ್’. 54 ಮಕ್ಕಳೂ ಸಾಲಾಗಿ ಬಂದು ನಿಂತರು.

‘ನ್ಯೂ’ ಎಂದರೆ ಯಂತ್ರ ಏನನ್ನೂ ಒರೆಸುವುದಿಲ್ಲ. ಪ್ರೋಗ್ರಾಮಿನ ಆರಂಭದಲ್ಲೇ ‘ಇಲ್ಲಿಗೆ ಮುಗಿಯಿತು’ ಎಂಬ ಗುರುತು ಹಾಕುತ್ತದೆ, ಉಳಿದದ್ದೆಲ್ಲ ಮೆಮೊರಿಯಲ್ಲಿ ಹಾಗೇ ಇರುತ್ತದೆ. ಅದರ ಮೇಲೆ ಹೊಸದು ಬರೆಯುವ ಮೊದಲು ‘ಓಲ್ಡ್’ ಎಂದರೆ ಆ ಗುರುತು ತೆಗೆದುಹಾಕುತ್ತದೆ. ಮೇಷ್ಟ್ರು ಇದನ್ನು ಬೋರ್ಡಿನ ಮೇಲೆ ಚೌಕಗಳನ್ನು ಬರೆದು ವಿವರಿಸಿದರು. ಬೈಯಲಿಲ್ಲ. ಕ್ಯಾಸೆಟ್ಟಿಗೆ ‘ಸೇವ್’ ಮಾಡುವ ಕೆಲಸವನ್ನು ಅಂದಿನಿಂದ ನನಗೇ ಒಪ್ಪಿಸಿದರು. ಕರೆಂಟ್ ಹೋದರೆ ಮಾತ್ರ ‘ಓಲ್ಡ್’ ಕೂಡ ಏನೂ ಮಾಡಲಾರದು ಎಂಬುದು ಅದೇ ವಾರ ಗೊತ್ತಾಯಿತು. ಲೋಡ್ ಶೆಡ್ಡಿಂಗಿನ ಕಾಲವಲ್ಲವೇ, ನಮ್ಮ ರಸಪ್ರಶ್ನೆಯ ನಲವತ್ತು ಸಾಲು ಹಾಗೇ ಹೋದವು.

ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ಲಿನಕ್ಸ್ ಸರ್ವರಿನ ಕಪ್ಪು ಕಿಟಕಿ ತೆರೆದರು. ನಗರದ ಶಾಲೆಗಳಲ್ಲಿ ಕಲಿತು ಬಂದ ಕೆಲವರು ಅದನ್ನು ಕಂಡು ಹಿಂಜರಿದರು. ನನಗೆ ಪ್ರಯೋಗಾಲಯದ ವಾಸನೆ ಬಂದಂತಾಯಿತು. ಅಲ್ಲಿ ಅಳಿಸಿದ್ದನ್ನು ವಾಪಸು ತರುವ ‘ಓಲ್ಡ್’ ಇರಲಿಲ್ಲ, ಆದರೆ ಅಳಿಸುವ ಮೊದಲು ಕೈ ತಡೆಯುವ ಅಭ್ಯಾಸ ಇತ್ತು.

ಇನ್ನೊಂದು ಸಂಗತಿ ನನಗೆ ತಿಳಿದದ್ದು ತೀರಾ ತಡವಾಗಿ. ಈ ಯಂತ್ರವನ್ನು ರೂಪಿಸಿದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅವರೇ ಮುಂದೆ ಏಆರ್‌ಎಂ ಎಂಬ ಪ್ರೊಸೆಸರನ್ನು ವಿನ್ಯಾಸ ಮಾಡಿದರು. ಅದರ ಮೊದಲ ಚಿಪ್ 1985ರ ಏಪ್ರಿಲ್ 26ರಂದು ಓಡಿದ್ದು ಒಂದು ಬಿಬಿಸಿ ಮೈಕ್ರೋಗೆ ಜೋಡಿಸಿಯೇ. ಇಂದಿನ ಹೆಚ್ಚುಕಡಿಮೆ ಎಲ್ಲ ಸ್ಮಾರ್ಟ್‌ಫೋನುಗಳಲ್ಲಿ ಇರುವುದು ಆ ವಂಶದ ಪ್ರೊಸೆಸರೇ. ಸಂತೆಯಲ್ಲಿ ಸೊಪ್ಪು ಮಾರುವ ಅಜ್ಜಿಯ ಫೋನಿನಲ್ಲೂ ನಮ್ಮ ಗೂಬೆಯ ಮರಿಮಗು ಕೂತಿದೆ.

ಪ್ರಯೋಗಾಲಯಕ್ಕೆ ಬಣ್ಣ ಹೊಡೆಸುವಾಗ ಡಬ್ಬ ಗುಜರಿಗೆ ಹೋಯಿತಂತೆ. ಯಾರನ್ನೂ ದೂರುವುದಿಲ್ಲ, ಆಗಲೇ ಅದು ಹೊತ್ತಿಕೊಳ್ಳುತ್ತಿರಲಿಲ್ಲ. ಕ್ಯಾಸೆಟ್ ಮಾತ್ರ ನಿವೃತ್ತರಾದ ಮೇಷ್ಟ್ರ ಮನೆಯಲ್ಲಿದೆ. ಅದರ ಮೇಲಿನ ಚೀಟಿಯಲ್ಲಿ ನನ್ನ ಸೊಟ್ಟ ಅಕ್ಷರದಲ್ಲಿ ‘9ನೇ ತರಗತಿ ಅಂಕಗಳು, ಅಳಿಸಬೇಡಿ’ ಎಂದಿದೆ. ಮಹೋತ್ಸವದ ವಸ್ತುಪ್ರದರ್ಶನಕ್ಕೆ ಅದನ್ನು ತರುವುದಾಗಿ ಅವರು ಒಪ್ಪಿದ್ದಾರೆ.