ಗಾಥಿಕ್ ಕಣಿವೆಯ ಲೆಕ್ಕದ ಪುಸ್ತಕಗಳು

ಮೊದಲ ಮಳೆ ಎಂದು ಬಿತ್ತು, ಹೊಂಗೆ ಎಂದು ಹೂ ಬಿಟ್ಟಿತು ಎಂಬುದನ್ನು ನಾವೆಲ್ಲ ಗಮನಿಸುತ್ತೇವೆ. ಬರೆದಿಡುವವರು ಕಡಿಮೆ, ಬರೆದರೂ ಒಂದೆರಡು ವರ್ಷ. ಋತುಗಳಿಗೆ ತಕ್ಕಂತೆ ಜೀವಿಗಳಲ್ಲಿ ನಡೆಯುವ ಇಂಥ ಘಟನೆಗಳ ಕಾಲವನ್ನು ಅಭ್ಯಸಿಸುವ ಶಾಸ್ತ್ರಕ್ಕೆ ಫೀನಾಲಜಿ ಎಂದು ಹೆಸರು. ಇದರಲ್ಲಿ ಉಪಕರಣಕ್ಕಿಂತ ಅವಧಿಯೇ ಮುಖ್ಯ. ಹತ್ತು ವರ್ಷಗಳ ದಾಖಲೆಯಲ್ಲಿ ಕಾಣದ್ದು ನಲವತ್ತು ವರ್ಷಗಳ ದಾಖಲೆಯಲ್ಲಿ ಕಾಣುತ್ತದೆ. ಅಮೆರಿಕದ ಕೊಲೊರಾಡೊ ರಾಜ್ಯದ ಗಾಥಿಕ್ ಇದಕ್ಕೆ ಒಳ್ಳೆಯ ನಿದರ್ಶನ.

ರಾಕಿ ಪರ್ವತಗಳ ನಡುವೆ, ಸುಮಾರು 2900 ಮೀಟರ್ ಎತ್ತರದಲ್ಲಿರುವ ಗಾಥಿಕ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಳ್ಳಿ ಗಣಿಗಾರರ ಊರಾಗಿತ್ತು. ಬೆಳ್ಳಿಯ ಆಸೆ ಮುಗಿದಾಗ ಜನ ಹೊರಟುಹೋದರು. ಪಾಳುಬಿದ್ದ ಆ ಊರಿನಲ್ಲಿ 1928ರಲ್ಲಿ ಜಾನ್ ಜಾನ್ಸನ್ ಎಂಬ ಜೀವವಿಜ್ಞಾನದ ಪ್ರಾಧ್ಯಾಪಕರು ರಾಕಿ ಮೌಂಟನ್ ಬಯಲಾಜಿಕಲ್ ಲ್ಯಾಬೊರೇಟರಿಯನ್ನು ಸ್ಥಾಪಿಸಿದರು. ಅಲ್ಲಿ ಆಕಾಶದಿಂದ ಬೀಳುವ ನೀರಿನ ಹೆಚ್ಚಿನ ಪಾಲು ಹಿಮದ ರೂಪದ್ದು. ಮೇ ತಿಂಗಳಲ್ಲಿ ಹಿಮ ಕರಗಿ ನೆಲ ಕಾಣುವ ದಿನವೇ ಗಿಡಗಳಿಗೆ ಯುಗಾದಿ.

1973ರಲ್ಲಿ ಡೇವಿಡ್ ಇನೌಯೆ ಎಂಬ ಯುವ ವಿಜ್ಞಾನಿ ಇಲ್ಲಿ ಎರಡು ಮೀಟರ್ ಚೌಕದ ತಾಕುಗಳನ್ನು ಗುರುತಿಸಿ, ಬೇಸಿಗೆಯುದ್ದಕ್ಕೂ ದಿನ ಬಿಟ್ಟು ದಿನ ಹೂ ಎಣಿಸತೊಡಗಿದರು. ಸುಮಾರು ಅದೇ ಕಾಲಕ್ಕೆ ಬಿಲ್ಲಿ ಬಾರ್ ಎಂಬ ತರುಣ ಏಕಾಂತ ಬಯಸಿ ಗಾಥಿಕ್‌ನಲ್ಲಿ ನೆಲೆಸಿದ. ಚಳಿಗಾಲದಲ್ಲಿ ಅಲ್ಲಿ ಬೇರೆ ಜನರಿಲ್ಲ. ಹೊತ್ತು ಕಳೆಯಲು ಆತ ಹಿಮದ ಆಳ, ಉಷ್ಣತೆ, ಮೊದಲ ರಾಬಿನ್ ಹಕ್ಕಿ ಬಂದ ದಿನ, ಮೊದಲ ಮಾರ್ಮೊಟ್ ಬಿಲದಿಂದ ಹೊರಬಂದ ದಿನ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದ. ಇದರ ಹಿಂದೆ ಯಾವ ಸಂಶೋಧನಾ ಯೋಜನೆಯೂ ಇರಲಿಲ್ಲ. ಇದ್ದಿದ್ದರೆ ಹಣ ಮುಗಿದಾಗ ಅದೂ ನಿಂತುಹೋಗುತ್ತಿತ್ತೋ ಏನೋ!

ಈ ಪುಸ್ತಕಗಳ ಬೆಲೆ ಇನೌಯೆ ಅವರಿಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. 2000ದಲ್ಲಿ ಇಬ್ಬರೂ ಸೇರಿ, ಇತರರೊಡನೆ, ಪ್ರಕಟಿಸಿದ ಲೇಖನ ಹೀಗೆ ಹೇಳಿತು: ತಗ್ಗು ಪ್ರದೇಶಗಳಿಂದ ಬರುವ ರಾಬಿನ್‌ಗಳು 1981ಕ್ಕಿಂತ 14 ದಿನ ಮೊದಲೇ ಬರುತ್ತಿವೆ. ಅಳಿಲಿನ ಬಳಗದ, ಚಳಿಗಾಲವೆಲ್ಲ ಬಿಲದಲ್ಲಿ ನಿದ್ರಿಸುವ ಮಾರ್ಮೊಟ್‌ಗಳು 23 ವರ್ಷಗಳ ಹಿಂದಿಗಿಂತ 38 ದಿನ ಮೊದಲೇ ಏಳುತ್ತಿವೆ. ಆದರೆ ಹಿಮ ಕರಗುವ ದಿನ ಮಾತ್ರ ಆ ಅವಧಿಯಲ್ಲಿ ಗಮನಾರ್ಹವಾಗಿ ಹಿಂದೆ ಸರಿದಿರಲಿಲ್ಲ! ಗಾಳಿ ಬೆಚ್ಚಗಾದರೂ ಹಿಮ ಹೆಚ್ಚು ಬಿದ್ದಿತ್ತು. ಎದ್ದ ಪ್ರಾಣಿಗೆ ಹುಲ್ಲಿಲ್ಲ. ಮೈಯಲ್ಲಿ ಉಳಿದ ಕೊಬ್ಬೇ ಗತಿ.

ಕಥೆ ಇಲ್ಲಿಗೆ ನಿಲ್ಲಲಿಲ್ಲ. 1998ರ ನಂತರ ಹಿಮ ಕಡಿಮೆಯಾಗಿ, ಬೇಗ ಕರಗತೊಡಗಿತು. ಮಾರ್ಮೊಟ್‌ಗಳಿಗೆ ಮೇಯಲು ಹೆಚ್ಚು ದಿನ ಸಿಕ್ಕಿತು. ಅವುಗಳ ತೂಕವೂ ಸಂಖ್ಯೆಯೂ ಏರಿದ್ದನ್ನು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. 1962ರಲ್ಲಿ ಕೆನೆತ್ ಆರ್ಮಿಟೇಜ್ ಆರಂಭಿಸಿದ ಮಾರ್ಮೊಟ್ ಗಣತಿ ಅದಕ್ಕೆ ಆಧಾರ.

ಹೂಗಳಿಗೆ ಆದದ್ದು ಬೇರೆ. ಬೇಗ ಹಿಮ ಕರಗಿದರೆ ಗಿಡ ಬೇಗ ಮೊಗ್ಗು ಬಿಡುತ್ತದೆ. ಆದರೆ ಜೂನ್ ತಿಂಗಳ ಹೆಪ್ಪುಗಟ್ಟಿಸುವ ರಾತ್ರಿಗಳು ಅದೇ ಪ್ರಮಾಣದಲ್ಲಿ ಮುಂಚಿತವಾಗಿ ಮುಗಿಯುವುದಿಲ್ಲ. ಮೊದಲು ಹಿಮದ ಹೊದಿಕೆಯಡಿ ಸುರಕ್ಷಿತವಾಗಿದ್ದ ಗಿಡ ಈಗ ಎಳೆ ಮೊಗ್ಗುಗಳೊಡನೆ ಚಳಿಗೆ ಸಿಕ್ಕಿಬೀಳುತ್ತದೆ. ಆಸ್ಪೆನ್ ಸೂರ್ಯಕಾಂತಿಯಲ್ಲಿ 1992ರಿಂದ 1998ರವರೆಗೆ ಹೀಗೆ ಹಾಳಾದ ಮೊಗ್ಗುಗಳು ಸರಾಸರಿ ಶೇ. 36, 1999ರಿಂದ 2006ರವರೆಗೆ ಶೇ. 74. ಹವೆ ಬಿಸಿಯಾದುದರಿಂದ ಹೂಗಳು ಚಳಿಗೆ ಸತ್ತವು ಎಂದರೆ ವಿದ್ಯಾರ್ಥಿಗಳು ನಂಬಲಿಕ್ಕಿಲ್ಲ. ಕರಿಹಲಗೆಯ ಮೇಲೆ ಎರಡು ಕಾಲರೇಖೆಗಳನ್ನು, ಹಿಮ ಕರಗುವುದಕ್ಕೊಂದು ಮತ್ತು ಕೊನೆಯ ಕೊರೆವ ರಾತ್ರಿಗೊಂದು, ಎಳೆದು ತೋರಿಸಿದರೆ ಅರ್ಥವಾಗುತ್ತದೆ.

2014ರ ಹೊತ್ತಿಗೆ ಎಣಿಸಿದ ಹೂಗಳು ಇಪ್ಪತ್ತು ಲಕ್ಷ ದಾಟಿದ್ದವು. 39 ವರ್ಷಗಳಲ್ಲಿ ಹೂಬಿಡುವ ಕಾಲ 35 ದಿನ ಹಿಗ್ಗಿತ್ತು. ಮೊದಲು ಅರಳುವ ಗ್ಲೇಸಿಯರ್ ಲಿಲ್ಲಿ 1970ರ ದಶಕಕ್ಕಿಂತ 17 ದಿನ ಮೊದಲೇ ಅರಳುತ್ತಿತ್ತು. ಅದರ ಮಕರಂದ ಹೀರುವ ಹಮ್ಮಿಂಗ್ ಬರ್ಡ್ ಹಕ್ಕಿಗಳು ದೂರದ ದಕ್ಷಿಣದಿಂದ ಹಾರಿಬರಬೇಕು. ಹಕ್ಕಿ ಬರುವುದಕ್ಕೂ ಮೊದಲ ಹೂ ಅರಳುವುದಕ್ಕೂ ನಡುವೆ ಹಿಂದೆ ಇದ್ದ ಬಿಡುವಿನಲ್ಲಿ 13 ದಿನ ಕಡಿಮೆಯಾಗಿದೆ ಎಂದು 2012ರ ಲೆಕ್ಕ ಹೇಳಿತ್ತು.