ಶಿಲಾಮೇಲ್ಮೈಯ ಶುದ್ಧೀಕರಣ: ಮೃದು ವಿಧಾನ ಮತ್ತು ಒತ್ತಡ ವಿಧಾನಗಳ ಚಾರಿತ್ರಿಕ ವಿವೇಚನೆ (ಕರ್ನಾಟಕದ ದೇವಾಲಯಗಳನ್ನು ಅನುಲಕ್ಷಿಸಿ)

ಕರ್ನಾಟಕದ ದೇವಾಲಯ ವಾಸ್ತುವನ್ನು ಕುರಿತ ಅಧ್ಯಯನಗಳು ಶೈಲಿ, ಕಾಲನಿರ್ಣಯ, ಮೂರ್ತಿಶಿಲ್ಪ, ರಾಜಾಶ್ರಯ ಮೊದಲಾದ ನೆಲೆಗಳಲ್ಲಿ ವಿಪುಲವಾಗಿ ನಡೆದಿವೆ. ಆದರೆ ಈ ಎಲ್ಲ ಅಧ್ಯಯನಗಳಿಗೂ ಆಕರವಾಗಿರುವ ಕಲ್ಲಿನ ಮೇಲ್ಮೈಯನ್ನು ಹೇಗೆ ತೊಳೆಯಬೇಕು ಎಂಬ ಪ್ರಶ್ನೆ ಇತಿಹಾಸಕಾರರ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಅದು ಎಂಜಿನಿಯರುಗಳಿಗೂ ರಸಾಯನಜ್ಞರಿಗೂ ಬಿಟ್ಟ ವಿಷಯವೆಂಬ ಭಾವನೆ ಇದಕ್ಕೆ ಕಾರಣವಿರಬಹುದು. ವಸ್ತುತಃ ತೊಳೆಯುವ ಕ್ರಿಯೆ ಆಕರವನ್ನು ಓದಿಗೆ ಒದಗಿಸಬಲ್ಲದು, ಅಳಿಸಿಯೂ ಹಾಕಬಲ್ಲದು. ಹೀಗೆ ಅಳಿದುದನ್ನು ಯಾವ ಜೀರ್ಣೋದ್ಧಾರವೂ ಮರಳಿ ತಾರದು. ಮೃದು ವಿಧಾನ ಮತ್ತು ಒತ್ತಡ ವಿಧಾನಗಳು ಬೆಳೆದುಬಂದ ಬಗೆಯನ್ನು ಗುರುತಿಸಿ, ನಮ್ಮ ನಾಡಿನ ಶಿಲೆಗಳ ಸಂದರ್ಭದಲ್ಲಿ ಅವುಗಳ ಆಯ್ಕೆ ಹೇಗಿರಬೇಕೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

1. ಮೇಲ್ಮೈ ಎಂಬ ದಾಖಲೆ

ಹೊಯ್ಸಳ ಶಿಲ್ಪಿಗಳ ಹೆಸರುಗಳು ನಮಗೆ ತಿಳಿದಿರುವುದು ಬಹುಮಟ್ಟಿಗೆ ಅವರು ತಮ್ಮ ಕೃತಿಗಳ ಪೀಠದ ಮೇಲೆ ಕೊರೆದುಕೊಂಡ ಕಿರು ಲೇಖಗಳಿಂದ. ಬೇಲೂರಿನ ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವೆಯವರೆಂಬುದು, ಸೋಮನಾಥಪುರದ ಅನೇಕ ವಿಗ್ರಹಗಳು ಮಲ್ಲಿತಮ್ಮನ ಕೈಯವೆಂಬುದು ಇಂಥ ಲೇಖಗಳಿಂದಲೇ ಸ್ಪಷ್ಟವಾಗಿದೆ. ಆರ್. ನರಸಿಂಹಾಚಾರ್ಯರು ಸೋಮನಾಥಪುರ (1917) ಮತ್ತು ಬೇಲೂರು (1919) ದೇವಾಲಯಗಳನ್ನು ಕುರಿತು ಗ್ರಂಥಗಳನ್ನು ಸಿದ್ಧಪಡಿಸುವಾಗ ಈ ಲೇಖಗಳಿಗೆ ವಿಶೇಷ ಮಹತ್ವ ನೀಡಿದರು. ರಾಜರ ದಾನಶಾಸನಗಳಂತೆ ಇವು ಆಳವಾಗಿ, ಎದ್ದುಕಾಣುವಂತೆ ಕೊರೆದವಲ್ಲ. ಮೇಲ್ಮೈಯ ತೆಳುವಾದ ಪದರವೊಂದು ಸವೆದರೆ ಶಿಲ್ಪ ಉಳಿಯುತ್ತದೆ, ಶಿಲ್ಪಿಯ ಹೆಸರು ಹೋಗುತ್ತದೆ.

ಅಕ್ಷರಗಳಷ್ಟೇ ಅಲ್ಲದೆ ಉಳಿಯ ಗೆರೆಗಳು, ಹೊಳಪು ಕೊಟ್ಟ ಭಾಗಗಳು, ಬಣ್ಣದ ಶೇಷಗಳು, ಗಾರೆಯ ತುಣುಕುಗಳು ಇವೆಲ್ಲವೂ ಕಟ್ಟಡದ ಚರಿತ್ರೆಯನ್ನು ಹೇಳುವ ಸಾಕ್ಷ್ಯಗಳೇ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನ (ಕ್ರಿ.ಶ. 578) ಶಾಸನದೊಂದಿಗೆ ವರ್ಣಚಿತ್ರಗಳ ಅವಶೇಷಗಳೂ ಉಳಿದಿವೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಎಷ್ಟೋ ನಿಸಿದಿಲೇಖಗಳನ್ನು ಬಂಡೆಯ ನೆಲದ ಮೇಲೆಯೇ ಬರೆಯಲಾಗಿದೆ. ಇಂಥ ಕಡೆ ಕೊಳೆ ಯಾವುದು, ದಾಖಲೆ ಯಾವುದು ಎಂದು ನಿರ್ಧರಿಸದೆ ತೊಳೆಯಲು ತೊಡಗುವುದು ಹಸ್ತಪ್ರತಿಯನ್ನು ಓದುವ ಮೊದಲೇ ಒರೆಸಿದಂತೆ.

2. ಒತ್ತಡ ವಿಧಾನದ ಉಗಮ ಮತ್ತು ಅದರ ವಿರುದ್ಧದ ಎಚ್ಚರ

ಗಾಳಿ ಅಥವಾ ಉಗಿಯ ಬಲದಿಂದ ಮರಳನ್ನು ಸಿಡಿಸಿ ಮೇಲ್ಮೈಯನ್ನು ಕೊರೆಯುವ ತಂತ್ರಕ್ಕೆ ಅಮೆರಿಕದ ಬೆಂಜಮಿನ್ ಚ್ಯೂ ಟಿಲ್ಗ್‌ಮನ್ 1870ರಲ್ಲಿ ಹಕ್ಕುಪತ್ರ ಪಡೆದನು. ಗಾಜು, ಲೋಹ, ಕಲ್ಲುಗಳನ್ನು ಕೆತ್ತುವುದಕ್ಕೂ ಒರಟು ಮಾಡುವುದಕ್ಕೂ ನೆರವಾದ ಈ ಉಪಕರಣ ಮುಂದೆ ಹೊಗೆಹಿಡಿದ ಕಟ್ಟಡಗಳನ್ನು ಶುಚಿಗೊಳಿಸಲು ಬಳಕೆಯಾಯಿತು. ಕೊರೆಯುವುದಕ್ಕೆಂದು ಹುಟ್ಟಿದ ತಂತ್ರವೇ ತೊಳೆಯುವ ತಂತ್ರವಾದದ್ದು ಗಮನಾರ್ಹ. ನೀರಿನ ಒತ್ತಡಯಂತ್ರಗಳು ವ್ಯಾಪಕವಾದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಜರ್ಮನಿಯ ಕೆರ್ಷರ್ ಸಂಸ್ಥೆ 1950ರಲ್ಲಿ ಬಿಸಿನೀರಿನ ಒತ್ತಡಯಂತ್ರವನ್ನು ಹೊರತಂದಿತು. ಇಂದು ಮನೆಬಳಕೆಯ ಯಂತ್ರಗಳೂ 100 ಬಾರ್, ಅಂದರೆ ವಾತಾವರಣದ ಒತ್ತಡದ ಸುಮಾರು ನೂರು ಪಟ್ಟು, ಒತ್ತಡವನ್ನು ಉಂಟುಮಾಡುತ್ತವೆ. ನಲ್ಲಿಯ ನೀರಿನ ಒತ್ತಡವಾದರೋ ಕೆಲವೇ ಬಾರ್‌ಗಳಷ್ಟು.

ಒರಟು ಶುದ್ಧೀಕರಣದ ವಿರುದ್ಧದ ಎಚ್ಚರವೂ ಇಷ್ಟೇ ಹಳೆಯದು. ಇಂಗ್ಲೆಂಡಿನ ಚರ್ಚುಗಳ ಗೋಡೆಗಳನ್ನು ಹೆರೆದು ಹೊಸದಾಗಿಸುವ ಪ್ರವೃತ್ತಿಯನ್ನು ವಿರೋಧಿಸಿ ವಿಲಿಯಂ ಮಾರಿಸ್ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣಾ ಸಂಘವನ್ನು ಸ್ಥಾಪಿಸಿದನು. ಆದರೂ 1937-38ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದ್ದ ಪಾರ್ಥೆನಾನ್ ಶಿಲ್ಪಗಳನ್ನು ಹೆಚ್ಚು ಬೆಳ್ಳಗೆ ಕಾಣಿಸುವ ಆಸೆಯಿಂದ ತಾಮ್ರದ ಉಪಕರಣ ಮತ್ತು ಕಾರ್ಬೊರಂಡಮ್‌ಗಳಿಂದ ಉಜ್ಜಲಾಯಿತು. ಶತಮಾನಗಳಿಂದ ಕೂಡಿದ್ದ ಕಂದುಬಣ್ಣದ ಪದರ ಹಲವೆಡೆ ಕಳೆದುಹೋಯಿತು. ಈ ಘಟನೆಯನ್ನು ಕುರಿತ ವಿದ್ವತ್‌ಚರ್ಚೆ 1999ರಷ್ಟು ಈಚೆಗೂ ನಡೆಯಿತು. ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆ 1979ರಲ್ಲಿ ಐತಿಹಾಸಿಕ ಕಟ್ಟಡಗಳ ಮೇಲೆ ಮರಳು ಸಿಡಿಸುವುದರ ಅಪಾಯಗಳನ್ನು ಕುರಿತೇ ಪ್ರತ್ಯೇಕ ಕೈಪಿಡಿಯನ್ನು ಪ್ರಕಟಿಸಿತು.

ನೆರೆಯ ತಮಿಳುನಾಡಿನ ಅನುಭವ ನಮಗೆ ಇನ್ನೂ ಹತ್ತಿರದ ಪಾಠ. ಅಲ್ಲಿ ಕುಂಭಾಭಿಷೇಕಕ್ಕೆ ಮುನ್ನ ಸುಣ್ಣ, ಎಣ್ಣೆಜಿಡ್ಡುಗಳನ್ನು ಬೇಗನೆ ತೆಗೆಯಲು ಹಲವು ದೇವಾಲಯಗಳಲ್ಲಿ ಮರಳು ಸಿಡಿಸುವ ವಿಧಾನವನ್ನು ಬಳಸಲಾಯಿತು. ಕಠಿಣವಾದ ಕಣಶಿಲೆಯ ಮೇಲೂ ಶಾಸನಾಕ್ಷರಗಳು ಮಸುಕಾದವು, ಶಿಲ್ಪಗಳ ನಯ ಅಳಿಯಿತು. ಶಾಸನತಜ್ಞರ ಮತ್ತು ಪರಂಪರೆಯ ಆಸಕ್ತರ ಆಕ್ಷೇಪದ ತರುವಾಯ ಈ ವಿಧಾನವನ್ನು ನಿಷೇಧಿಸಲಾಯಿತು.

3. ಮೃದು ವಿಧಾನದ ಪರಂಪರೆ

ನಮ್ಮಲ್ಲಿ ಕಲ್ಲನ್ನು ಓದುವುದಕ್ಕಾಗಿ ತೊಳೆದ ಮೊದಲಿಗರು ಶಾಸನಶೋಧಕರೇ. ಪಡಿಯಚ್ಚು ತೆಗೆಯುವ ಮುನ್ನ ಕಲ್ಲಿಗೆ ನೀರೆರೆದು, ಮಣ್ಣು ಪಾಚಿಗಳನ್ನು ಕುಂಚದಿಂದ ನಿಧಾನವಾಗಿ ತೆಗೆದು, ಒದ್ದೆಕಾಗದವನ್ನು ಅಂಟಿಸಿ ತಟ್ಟುವ ಕ್ರಮವನ್ನು ಅವರು ರೂಢಿಸಿಕೊಂಡರು. 1885ರಲ್ಲಿ ಆರಂಭವಾದ ಮೈಸೂರು ಪುರಾತತ್ತ್ವ ಇಲಾಖೆಯ ಶಾಸನ ಸಂಪಾದನೆಯ ಹಿಂದೆ ಇಂಥ ತಾಳ್ಮೆಯ ಕೈಕೆಲಸವಿದೆ. ಅಕ್ಷರ ಓದಲು ಬರುವಷ್ಟು ಮಾತ್ರ ತೊಳೆಯುವುದು ಇಲ್ಲಿನ ನಿಯಮ. ಕಲ್ಲು ಹೊಸದಾಗಿ ಕಾಣಬೇಕೆಂಬ ಗುರಿ ಅದರಲ್ಲಿರಲಿಲ್ಲ.

ಅಖಿಲ ಭಾರತ ಮಟ್ಟದಲ್ಲಿ 1904ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯಿದೆ ಮತ್ತು ಜಾನ್ ಮಾರ್ಷಲ್‌ನ 1923ರ ಸಂರಕ್ಷಣಾ ಕೈಪಿಡಿ ಸ್ಮಾರಕಗಳನ್ನು ನವೀಕರಿಸುವುದಕ್ಕಿಂತ ಇದ್ದಂತೆ ಉಳಿಸುವುದು ಮೊದಲ ಕರ್ತವ್ಯವೆಂಬ ತತ್ತ್ವವನ್ನು ನೆಲೆಗೊಳಿಸಿದವು. 1917ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಗೆ ಮೊಹಮ್ಮದ್ ಸನಾಉಲ್ಲಾ ಪುರಾತತ್ತ್ವ ರಸಾಯನಜ್ಞರಾಗಿ ನೇಮಕಗೊಂಡರು. ಕಲ್ಕತ್ತೆಯಲ್ಲಿ ವಸ್ತುಸಂಗ್ರಹಾಲಯದ ವಸ್ತುಗಳಿಗಾಗಿ ತೊಡಗಿದ ಈ ಶಾಖೆ 1921-22ರಲ್ಲಿ ಡೆಹರಾಡೂನಿಗೆ ವರ್ಗವಾಗಿ, ಕ್ರಮೇಣ ಕಟ್ಟಡಗಳ ಹೊರಮೈಗೂ ತನ್ನ ಕಾರ್ಯವನ್ನು ವಿಸ್ತರಿಸಿತು. ಪಾಚಿ ಮತ್ತು ಕಲ್ಲುಹೂವುಗಳಿಗೆ ಅಮೋನಿಯಾದ ದುರ್ಬಲ ದ್ರಾವಣ, ಸೌಮ್ಯ ಮಾರ್ಜಕ ಹಾಗೂ ನೈಲಾನ್ ಕುಂಚ. ಜಿಡ್ಡಿಗೆ ಕಾಗದದ ಅಥವಾ ಜೇಡಿಯ ಲೇಪ ಎಂಬ ಕ್ರಮಗಳು ರೂಢಿಗೆ ಬಂದವು. ತಾಜಮಹಲಿನ ಅಮೃತಶಿಲೆಗೆ 1994ರಿಂದ ಹಲವು ಬಾರಿ ಮುಲ್ತಾನಿ ಮಿಟ್ಟಿಯ ಲೇಪ ಹಚ್ಚಿ ಶುಚಿಗೊಳಿಸಿದ್ದು ಇದೇ ಪರಂಪರೆಯ ಪ್ರಸಿದ್ಧ ನಿದರ್ಶನ. ಜೇಡಿ ಒಣಗುತ್ತ ಕೊಳೆಯನ್ನು ತನ್ನತ್ತ ಹೀರಿಕೊಳ್ಳುವುದರಿಂದ ಉಜ್ಜುವ ಪ್ರಮೇಯವೇ ಕಡಿಮೆ.

ಹಾಗೆಂದು ಮೃದುವೆಂದು ಹೆಸರಾದುದೆಲ್ಲ ನಿರಪಾಯಕರವಲ್ಲ. 1986ರಿಂದ 1993ರವರೆಗೆ ಭಾರತೀಯ ತಜ್ಞರು ಕಾಂಬೋಡಿಯದ ಅಂಕೋರ್ ವಾಟ್‌ನಲ್ಲಿ ರಾಸಾಯನಿಕ ಮತ್ತು ಕುಂಚಗಳಿಂದ ನಡೆಸಿದ ಶುದ್ಧೀಕರಣದ ಬಗ್ಗೆ ತೀವ್ರ ಟೀಕೆಯೂ ಸಮರ್ಥನೆಯೂ ವ್ಯಕ್ತವಾದವು. ಕುಂಚವೇ ಆದರೂ ಹಿಡಿದ ಕೈ, ಉಜ್ಜುವ ಅವಧಿ, ದ್ರಾವಣದ ಪ್ರಮಾಣ, ಕೊನೆಯಲ್ಲಿ ಅದನ್ನು ಪೂರ್ಣವಾಗಿ ತೊಳೆದು ತೆಗೆಯುವ ಎಚ್ಚರ ಇವುಗಳ ಮೇಲೆ ಫಲಿತಾಂಶ ನಿಂತಿದೆ ಎಂಬುದನ್ನು ಆ ವಿವಾದ ತೋರಿಸಿಕೊಟ್ಟಿತು.

4. ಶಿಲಾಭೇದ ಮತ್ತು ವಿಧಾನದ ಆಯ್ಕೆ

ಕರ್ನಾಟಕದ ದೇವಾಲಯಗಳಲ್ಲಿ ಮುಖ್ಯವಾಗಿ ಮೂರು ಬಗೆಯ ಕಲ್ಲುಗಳಿವೆ. ಒಂದರ ಮೇಲಿನ ಪ್ರಯೋಗವನ್ನು ಇನ್ನೊಂದಕ್ಕೆ ಅನ್ವಯಿಸಲಾಗದು.

ಹೊಯ್ಸಳರ ಬಳಪದ ಕಲ್ಲಿನಲ್ಲಿ ಟಾಲ್ಕ್ ಮತ್ತು ಕ್ಲೋರೈಟ್ ಖನಿಜಗಳು ಪ್ರಧಾನ. ಮೋಸ್ ಕಾಠಿಣ್ಯಮಾನದಲ್ಲಿ ಟಾಲ್ಕ್‌ನ ಸ್ಥಾನ 1, ಮರಳಿನ ಮುಖ್ಯ ಖನಿಜವಾದ ಕ್ವಾರ್ಟ್ಜ್‌ನ ಸ್ಥಾನ 7. ಮರಳು ಸಿಡಿದರೆ ಏನಾಗುವುದೆಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ. ಗಣಿಯಿಂದ ತೆಗೆದಾಗ ಮೆತ್ತಗಿರುವ ಈ ಕಲ್ಲು ಗಾಳಿಗೆ ತೆರೆದುಕೊಂಡಂತೆ ಗಟ್ಟಿಯಾಗುತ್ತದೆಂದು ಕಲಾ ಇತಿಹಾಸಕಾರರು ಹೇಳುತ್ತ ಬಂದಿದ್ದಾರೆ. ಹಾಗಾದರೆ ಹೊರಪದರವನ್ನು ಕಳೆಯುವುದು ಕಲ್ಲಿನ ಕವಚವನ್ನೇ ಕಳಚಿದಂತೆ. ಇಲ್ಲಿ ಒಣ ಕುಂಚ, ಅಲ್ಪ ನೀರು, ಅಗತ್ಯವಿದ್ದಲ್ಲಿ ಮಾತ್ರ ಲೇಪ, ಇಷ್ಟೇ ಯುಕ್ತ.

ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಮರಳುಗಲ್ಲಿನ ಸಮಸ್ಯೆ ಬೇರೆ. ಅದರ ಕಣಗಳು ಕಠಿಣವಾಗಿದ್ದರೂ ಅವುಗಳನ್ನು ಹಿಡಿದಿಟ್ಟ ಬಂಧಕ ವಸ್ತು ಅಷ್ಟು ಬಲವಾದುದಲ್ಲ. ನೀರಿನ ರಭಸ ಬಂಧಕವನ್ನು ಸಡಿಲಿಸಿದರೆ ಕಣಗಳು ಉದುರುತ್ತವೆ. ಜೊತೆಗೆ ರಂಧ್ರಗಳೊಳಗೆ ನುಗ್ಗಿದ ನೀರು ಲವಣಗಳನ್ನು ಕರಗಿಸುತ್ತದೆ. ಆರುವಾಗ ಲವಣ ಮೇಲ್ಮೈ ಸಮೀಪದಲ್ಲಿ ಹರಳುಗಟ್ಟಿ ಕಲ್ಲನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಇದು ತೊಳೆದ ದಿನ ಕಾಣದೆ ಕಾಲಾನಂತರದಲ್ಲಿ ಕಾಣಿಸಿಕೊಳ್ಳುವ ಹಾನಿ.

ಹಂಪಿಯ ಕಣಶಿಲೆ ಇವೆರಡಕ್ಕಿಂತ ಗಟ್ಟಿ. ಆದ್ದರಿಂದಲೇ ಅಲ್ಲಿ ಒತ್ತಡ ವಿಧಾನದ ಆಕರ್ಷಣೆ ಹೆಚ್ಚು. ಆದರೆ ಕಲ್ಲಿನ ತಳಭಾಗದ ಮೇಲೆ ನಿಂತ ಗೋಪುರಗಳ ಮೇಲ್ಭಾಗ ಇಟ್ಟಿಗೆ ಮತ್ತು ಗಾರೆಯದು. ಕಲ್ಲು ತಾಳಿಕೊಳ್ಳುವ ನೀರಿನ ಧಾರೆಯನ್ನು ಗಾರೆ ತಾಳಿಕೊಳ್ಳದು. ಇದಲ್ಲದೆ ಒರಟಾದ ಕಣಶಿಲೆ ಮೊದಲಿಗಿಂತ ಹೆಚ್ಚು ಧೂಳು ತೇವಗಳನ್ನು ಹಿಡಿದಿಡುವುದರಿಂದ ಪಾಚಿ ಬೇಗ ಮರಳುತ್ತದೆ. ಬೇಗ ಶುಚಿಗೊಳಿಸಿದ್ದು ಬೇಗ ಮಲಿನವಾಗುತ್ತದೆ. ಕೆತ್ತನೆಯಿಲ್ಲದ ಇತ್ತೀಚಿನ ನೆಲಹಾಸು, ಸಿಮೆಂಟಿನ ಆವರಣ ಮುಂತಾದೆಡೆ ನಿಯಂತ್ರಿತ ಒತ್ತಡದ ನೀರನ್ನು ಬಳಸಲು ಆಕ್ಷೇಪವಿರಬೇಕಾಗಿಲ್ಲ.

5. ಸುಣ್ಣದ ಪ್ರಶ್ನೆ

ಕರ್ನಾಟಕದಲ್ಲಿ ಈ ಚರ್ಚೆ ತೀವ್ರವಾಗುವುದು ಸುಣ್ಣದ ಪದರಗಳ ಸಂದರ್ಭದಲ್ಲಿ. ಪೂಜೆ ನಡೆಯುವ ಗುಡಿಗಳಲ್ಲಿ ಹಬ್ಬ ಜಾತ್ರೆಗಳಿಗೆ ಸುಣ್ಣ ಬಳಿಯುವುದು ಭಕ್ತಿಯ ಸಹಜ ಅಭಿವ್ಯಕ್ತಿ. ದಾನಶಾಸನಗಳಲ್ಲಿ ಬರುವ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ದೇವಾಲಯದ ನಿರಂತರ ಪೋಷಣೆ ಧರ್ಮಕಾರ್ಯವೆಂದು ಭಾವಿಸಲಾಗಿದ್ದುದನ್ನು ಸೂಚಿಸುತ್ತದೆ. ಸುಣ್ಣ ಅಕ್ಷರಗಳನ್ನು ಮರೆಮಾಡಿತು ನಿಜ, ಆದರೆ ಅನೇಕ ಕಡೆ ಅದೇ ಅವುಗಳನ್ನು ಮಳೆಗಾಳಿಗಳಿಂದ ಕಾಪಾಡಿತು. ಅದನ್ನು ತೆಗೆಯುವುದಾದರೆ ದುರ್ಬಲ ಅಸಿಟಿಕ್ ಆಮ್ಲದಿಂದ ನೆನೆಸಿ, ಮರದ ಅಥವಾ ಬಿದಿರಿನ ಚೂರಿಯಿಂದ ಪದರಪದರವಾಗಿ ಬಿಡಿಸುವುದು ಸೂಕ್ತ ಕ್ರಮ. ಕಲ್ಲಿನಲ್ಲಿ ಸುಣ್ಣದ ಅಂಶವಿದ್ದರೆ ಆಮ್ಲವೂ ವರ್ಜ್ಯ. ಪದರಗಳ ನಡುವೆ ಬಣ್ಣದ ಕುರುಹು ಕಂಡರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕು. ಒತ್ತಡದ ಯಂತ್ರಕ್ಕೆ ಹೀಗೆ ನಿಲ್ಲುವ ವಿವೇಚನೆಯಿಲ್ಲ. ಸುಣ್ಣ, ಬಣ್ಣ, ಅಕ್ಷರ ಮೂರೂ ಅದಕ್ಕೆ ಒಂದೇ.

ಕೇಂದ್ರದ 1958ರ ಮತ್ತು ರಾಜ್ಯದ 1961ರ ಸ್ಮಾರಕ ಕಾಯಿದೆಗಳ ರಕ್ಷಣೆ ಪಡೆದ ಗುಡಿಗಳಲ್ಲಿ ಇಂಥ ನಿರ್ಧಾರಕ್ಕೆ ತಜ್ಞರ ನೆರವುಂಟು. ಈ ಪಟ್ಟಿಗಳ ಹೊರಗೆ ಉಳಿದ ಸಾವಿರಾರು ಗ್ರಾಮದೇಗುಲಗಳಲ್ಲಿ ನಿರ್ಧಾರ ಊರಿನವರದು, ಕಾಲಾವಕಾಶ ಜಾತ್ರೆಯ ದಿನದವರೆಗೆ ಮಾತ್ರ. ಅಪ್ರಕಟಿತ ಶಾಸನಗಳು ಇರಬಹುದಾದದ್ದೂ ಇಂಥ ಗುಡಿಗಳಲ್ಲಿಯೇ.

6. ಉಪಸಂಹಾರ

ಈವರೆಗಿನ ವಿವೇಚನೆಯಿಂದ ಕೆಲವು ತೀರ್ಮಾನಗಳಿಗೆ ಬರಬಹುದು. ಮೊದಲನೆಯದಾಗಿ, ಶುದ್ಧೀಕರಣದ ಗುರಿ ಕಲ್ಲನ್ನು ಹೊಸದಾಗಿಸುವುದಲ್ಲ, ಅದಕ್ಕೆ ಹಾನಿ ಮಾಡುತ್ತಿರುವುದನ್ನು ಮಾತ್ರ ತೆಗೆಯುವುದು. ಹಾನಿ ಮಾಡದ ಮಾಸಲುಬಣ್ಣವನ್ನು ಹಾಗೆಯೇ ಬಿಡುವುದೂ ಒಂದು ವಿಧಾನವೇ. ಎರಡನೆಯದಾಗಿ, ಅತ್ಯಂತ ಸೌಮ್ಯ ಕ್ರಮದಿಂದ ಆರಂಭಿಸಿ, ಅಗೋಚರವಾದ ಸಣ್ಣ ಭಾಗವೊಂದರಲ್ಲಿ ಪರೀಕ್ಷಿಸಿ, ಸಾಲದಿದ್ದರೆ ಮಾತ್ರ ಮುಂದಿನ ಕ್ರಮಕ್ಕೆ ಹೋಗಬೇಕು. ಮೂರನೆಯದಾಗಿ, ಯಾವುದೇ ಗುಡಿಯ ಗೋಡೆಗೆ ನೀರು ಸೋಕುವ ಮುನ್ನ ಅಲ್ಲಿನ ಲೇಖಗಳ ಛಾಯಾಚಿತ್ರ ಮತ್ತು ಪಡಿಯಚ್ಚುಗಳು ಸಿದ್ಧವಾಗಿರಬೇಕು. ಇದಕ್ಕಾಗಿ ಶಾಸನತಜ್ಞರೂ ರಸಾಯನಜ್ಞರೂ ಜೀರ್ಣೋದ್ಧಾರ ಸಮಿತಿಗಳೊಂದಿಗೆ ಕೂಡಿ ಕೆಲಸ ಮಾಡುವ ವ್ಯವಸ್ಥೆ ತಾಲ್ಲೂಕು ಮಟ್ಟದಲ್ಲಿ ರೂಪುಗೊಳ್ಳುವುದು ಅಗತ್ಯ. ಮಲ್ಲಿತಮ್ಮನ ಹೆಸರು ಏಳು ಶತಮಾನಗಳ ಮಳೆಗಾಳಿಗಳನ್ನು ತಾಳಿ ನಮ್ಮ ಓದಿಗೆ ದಕ್ಕಿದೆ. ಅಂಥ ಇನ್ನೆಷ್ಟು ಹೆಸರುಗಳು ಗ್ರಾಮದೇಗುಲಗಳ ಸುಣ್ಣದ ಅಡಿಯಲ್ಲಿವೆಯೋ ಎಣಿಸಿದವರಿಲ್ಲ. ಅವು ಓದುಗನಿಗೆ ಮೊದಲು ಸಿಗಬೇಕು, ಯಂತ್ರಕ್ಕಲ್ಲ.