ಸವಡು, ಪುರಸತ್ತು, ಫ್ರೀ

ಒಬ್ಬರ ಬಿಡುವು ವಿಚಾರಿಸಲು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಮಾತಿನಲ್ಲಿ ಪದಗಳಿಗೇನೂ ಬರವಿಲ್ಲ. ‘ನಾಳೆ ಸವಡ ಐತೇನ್ರಿ?’, ‘ಪುರಸತ್ತ ಆದಾಗ ಬರ್ರಿ’, ‘ಖಾಲಿ ಅದೀರೇನ್ರಿ?’ ಇವುಗಳ ಸಾಲಿಗೆ ‘ಫ್ರೀ ಅದೀರೇನ್ರಿ?’ ಕೂಡ ಸೇರಿದೆ.

ಈ ಮಾತುಗಳ ಹಿಂದೆ ಆಳ್ವಿಕೆಗಳ ನೆರಳಿದೆ. ವಿಜಾಪುರದಲ್ಲಿ ಆದಿಲಶಾಹಿಗಳು 1490ರಿಂದ 1686ರವರೆಗೆ ಆಳಿದರು. ದರ್ಬಾರಿನಲ್ಲಿ ಪಾರಸಿಗೆ ಮನ್ನಣೆಯಿತ್ತು. ಪುರಸತ್ತು, ಖಾಲಿ ಎರಡರ ಮೂಲವೂ ಅರಬ್ಬಿ. ಕನ್ನಡಕ್ಕೆ ಬಂದದ್ದು ಪಾರಸಿ, ಹಿಂದುಸ್ತಾನಿಗಳ ಮೂಲಕ. ಪುರಸೊತ್ತು ಮೈಸೂರು ಸೀಮೆಯಲ್ಲೂ ಉಂಟು. ಹಾಗಾಗಿ ಎಲ್ಲವನ್ನೂ ಆದಿಲಶಾಹಿಗಳ ಲೆಕ್ಕಕ್ಕೆ ಬರೆಯುವುದು ಬೇಡ. ‘ಸವಡು’ ಮಾತ್ರ ಮರಾಠಿಯಲ್ಲೂ ಇದೇ ಅರ್ಥದಲ್ಲಿದೆ. ಮರಾಠರ ಆಳ್ವಿಕೆ ಕಂಡು, 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ನಾಡಿಗೆ ಅದು ಸಹಜವೇ. ‘ಫ್ರೀ’ ಬಂದದ್ದು ಇಂಗ್ಲಿಷ್ ಶಾಲೆ, ಕಚೇರಿಗಳ ದಾರಿಯಲ್ಲಿ.

ಅಚ್ಚಗನ್ನಡದ ‘ಬಿಡುವು’ ಹುಟ್ಟಿದ್ದು ‘ಬಿಡು’ ಎಂಬುದರಿಂದ. ಎತ್ತಿನ ಕೊರಳಿನ ನೊಗ ಇಳಿಸುವುದನ್ನೂ ಇಲ್ಲಿ ‘ಗಳೆ ಬಿಡುವುದು’ ಎನ್ನುತ್ತಾರೆ. ಇಂಗ್ಲಿಷಿನ ‘ಫ್ರೀ’ಗೂ ಮೊದಲು ‘ಯಾರ ಆಳೂ ಅಲ್ಲದವನು’ ಎಂಬ ಅರ್ಥವಿತ್ತು. ಎರಡೂ ಕಟ್ಟು ಬಿಚ್ಚಿದ ಮಾತುಗಳೇ. ಎರೆಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವ ದಿನಗಳಲ್ಲಿ ರೈತನನ್ನು ಸವಡು ಕೇಳುವ ಧೈರ್ಯ ಯಾರಿಗಿದೆ? ಸುಗ್ಗಿ ಮುಗಿಯಬೇಕು.

ತೊಡಕಾಗುವುದು ನಮ್ಮ ಹುಡುಗರು ಕೆಲಸಕ್ಕಾಗಿ ಪುಣೆ, ಬೆಂಗಳೂರುಗಳಿಗೆ ಹೋಗಿ ಇಂಗ್ಲಿಷಿನಲ್ಲಿ ಕೇಳಬೇಕಾದಾಗ. ಮನಸ್ಸಿನಲ್ಲಿ ‘ಖಾಲಿ’ ಇರುತ್ತದೆ, ಬಾಯಲ್ಲಿ ‘ಆರ್ ಯು ವೇಕೆಂಟ್?’ ಬರುತ್ತದೆ. ವೇಕೆಂಟ್ ಎನ್ನುವುದು ಮನೆಗೆ, ಸೀಟಿಗೆ, ಹುದ್ದೆಗೆ ಸಲ್ಲುವ ಮಾತು; ಮನುಷ್ಯನಿಗೆ ಹೇಳಿದರೆ ಶೂನ್ಯ ದೃಷ್ಟಿಯವನೆಂಬ ಅರ್ಥ ಬಂದೀತು. ‘ಡು ಯು ಹ್ಯಾವ್ ಟೈಮ್?’ ಎಂದರೆ ಬಿಡುವಿದೆಯೇ ಎಂದು; ನಡುವೆ ‘ದ’ ಸೇರಿಸಿದರೆ ಗಂಟೆ ಎಷ್ಟೆಂದು ಕೇಳಿದಂತೆ! ‘ಅವೈಲಬಲ್’ ಕಚೇರಿಯ ಪದ. ಹಿಂದೆ ಅದಕ್ಕೆ ‘ಪ್ರಯೋಜನಕ್ಕೆ ಬರುವ’ ಎಂಬ ಅರ್ಥವಿತ್ತು, ‘ಸಿಗುವ’ ಎಂಬುದು ಈಚಿನದು. ಗೆಳೆಯರ ನಡುವೆ ‘ಆರ್ ಯು ಫ್ರೀ ಟುಮಾರೋ?’ ಸಾಕು.

ಹಿರಿಯರಿಗಾದರೆ ‘ವೆನ್ ವುಡ್ ಸೂಟ್ ಯು?’ ಚೆನ್ನ. ಅದು ನಮ್ಮ ‘ನಿಮಗ ಯಾವಾಗ ಅನುಕೂಲ ಆಗ್ತೈತ್ರಿ?’ ಎಂಬುದೇ. ಇಂಗ್ಲಿಷರು ಸುತ್ತುಬಳಸಿ ‘ಆರ್ ಯು ಡೂಯಿಂಗ್ ಎನಿಥಿಂಗ್ ಟುಮಾರೋ?’ ಎಂದೂ ಕೇಳುತ್ತಾರೆ. ಸಿಂದಗಿಯಲ್ಲಿ ‘ನಾಳೆ ಏನರ ಕೆಲಸ ಐತೇನ್ರಿ?’ ಎನ್ನುವವರೂ ಹಾಗೆಯೇ. ಜಾಣರು ಇದಕ್ಕೆ ಹೌದು, ಅಲ್ಲ ಎನ್ನುವುದಿಲ್ಲ. ‘ಯಾಕ್ರಿ?’ ಎನ್ನುತ್ತಾರೆ.